ಹೊಸ ಗಾಡಿಯ ಸಂಸ್ಕಾರ

ಕನ್ನಡದಲ್ಲಿ ‘ಸಂಸ್ಕಾರ’ ಎಂಬ ಪದ ಹುಟ್ಟಿನ ಮನೆಯಲ್ಲೂ ಸಾವಿನ ಮನೆಯಲ್ಲೂ ಕೇಳಿಬರುತ್ತದೆ; ನಾಮಕರಣ, ಉಪನಯನ, ವಿವಾಹಗಳು ಸಂಸ್ಕಾರಗಳೆನಿಸಿದಂತೆ ಶವಕ್ಕೆ ಬೆಂಕಿ ಕೊಡುವುದೂ ಸಂಸ್ಕಾರವೇ ಆಗಿದೆ, ಗೋಡಂಬಿಯ ಸಿಪ್ಪೆ ಬಿಡಿಸುವ ಕರಾವಳಿಯ ಕಾರ್ಖಾನೆಯ ಬಾಗಿಲ ಮೇಲೂ ‘ಸಂಸ್ಕರಣಾ ಘಟಕ’ ಎಂಬ ಫಲಕವಿರುತ್ತದೆ. ಮನುಷ್ಯನಿಗೂ ಬೀಜಕ್ಕೂ ಒಂದೇ ಪದ ಸಲ್ಲುವುದರ ಹಿಂದೆ ಭಾರತೀಯ ದರ್ಶನಗಳು ಬಹುಕಾಲ ಚರ್ಚಿಸಿದ ಒಂದು ಪ್ರಶ್ನೆ ಅಡಗಿದೆ: ಈಗಾಗಲೇ ಇರುವ ವಸ್ತುವೊಂದಕ್ಕೆ ಕ್ರಿಯೆಯ ಮೂಲಕ ನಾವು ಏನನ್ನು ಮಾಡಬಲ್ಲೆವು, ಹೀಗೆ ಮಾಡಿದ್ದು ಆ ವಸ್ತುವಿಗೆ ಸೇರಿದ್ದೋ ಅದರಿಂದ ಕಳೆದದ್ದೋ, ಅದಕ್ಕೆ ಮಿತಿಯನ್ನು ಹಾಕುವವರು ಯಾರು? ಈ ಪ್ರಶ್ನೆಯನ್ನು ಯಜ್ಞದ ಅಕ್ಕಿಯ ಮೇಲೆ, ಸುಟ್ಟ ಮಡಕೆಯ ಮೇಲೆ, ಉಜ್ಜಿದ ಕನ್ನಡಿಯ ಮೇಲೆ ಇಟ್ಟು ನೋಡಿದ ಶಾಸ್ತ್ರಕಾರರಿಗೆ ತಮ್ಮ ಕಾಲದ ಸಾಮಗ್ರಿಯ ಬಗ್ಗೆ ಸಂಕೋಚವಿರಲಿಲ್ಲವಾದ್ದರಿಂದ, ಇಂದಿನ ಹಳ್ಳಿ ಪಟ್ಟಣಗಳ ನಡುವೆ ತರಕಾರಿ, ಮೇವು, ಸಿಮೆಂಟು, ಮೀನು ಸಾಗಿಸುವ ಡೀಸೆಲ್ ಪಿಕಪ್ ಗಾಡಿಯ ಮೇಲೆ ಅದೇ ಪ್ರಶ್ನೆಯನ್ನು ಇಟ್ಟು ನೋಡುವುದು ಅನುಚಿತವಾಗಲಾರದು. ಹೊಸ ಗಾಡಿ ಕೊಂಡವನು ಮೊದಲ ಕೆಲವು ತಿಂಗಳಲ್ಲಿ ಮಾಡಿಸುವ ಸರ್ವಿಸು, ಹಾಕಿಸುವ ಬಿಡಿಭಾಗಗಳು, ಕಟ್ಟಿಸುವ ನಿಂಬೆಹಣ್ಣು, ಇವೆಲ್ಲವೂ ಒಂದಲ್ಲ ಒಂದು ಅರ್ಥದಲ್ಲಿ ಸಂಸ್ಕಾರಗಳೇ ಆಗಿವೆ.

ಪೂರ್ವಮೀಮಾಂಸೆಯ ಭಾಷ್ಯಕಾರನಾದ ಶಬರಸ್ವಾಮಿಯ ಪ್ರಕಾರ, ಯಾವುದು ನಡೆದ ಮೇಲೆ ಒಂದು ಪದಾರ್ಥವು ಯಾವುದೋ ಒಂದು ಪ್ರಯೋಜನಕ್ಕೆ ಯೋಗ್ಯವಾಗುತ್ತದೆಯೋ ಅದೇ ಸಂಸ್ಕಾರ. ಈ ವಿವರಣೆಯಲ್ಲಿ ಎರಡು ಮಾತುಗಳಿಗೆ ಒತ್ತು ಬೀಳುತ್ತದೆ. ಯೋಗ್ಯತೆ ಎಂಬುದು ಒಂದು, ಅದು ಯಾವುದಕ್ಕೆ ಎಂಬುದು ಇನ್ನೊಂದು, ಏಕೆಂದರೆ ಪ್ರಯೋಜನವನ್ನು ಬಿಟ್ಟು ಬರಿಯ ಯೋಗ್ಯತೆಯನ್ನು ಮೀಮಾಂಸಕನು ಒಪ್ಪುವುದಿಲ್ಲ. ಆತನ ಮೆಚ್ಚಿನ ಉದಾಹರಣೆ ದರ್ಶಪೂರ್ಣಮಾಸ ಯಾಗದ ಭತ್ತ: ಪುರೋಡಾಶ, ಎಂದರೆ ಹವಿಸ್ಸಾಗುವ ರೊಟ್ಟಿಯನ್ನು ಮಾಡುವ ಮೊದಲು ಆ ಭತ್ತಕ್ಕೆ ನೀರು ಪ್ರೋಕ್ಷಿಸಬೇಕು, ಬಳಿಕ ಒರಳಿನಲ್ಲಿ ಕುಟ್ಟಬೇಕು. ಕುಟ್ಟಿದ್ದರಿಂದ ಹೊಟ್ಟು ಹೋಗಿ ಅಕ್ಕಿಯಾಗುವುದು ಕಣ್ಣಿಗೆ ಕಾಣುವ ಫಲ, ಅದಕ್ಕೆ ‘ದೃಷ್ಟ’ ಎಂದು ಹೆಸರು. ನೀರು ಚಿಮುಕಿಸಿದ್ದರಿಂದ ಕಾಳಿನಲ್ಲಿ ಕಾಣುವಂಥ ಬದಲಾವಣೆ ಏನೂ ಆಗದ ಕಾರಣ ಅಲ್ಲಿ ‘ಅದೃಷ್ಟ’ವಾದ, ಕಾಣದ ಫಲವೊಂದನ್ನು ಊಹಿಸಬೇಕಾಗುತ್ತದೆ. ದೃಷ್ಟ ಫಲ ಸಿಗುವಲ್ಲಿ ಅದೃಷ್ಟವನ್ನು ಕಲ್ಪಿಸಬಾರದೆಂಬ ನಿಯಮವನ್ನು ಹಾಕಿಕೊಟ್ಟವರು ಯಜ್ಞವನ್ನೇ ಬಾಳಿನ ಕೇಂದ್ರವೆಂದು ನಂಬಿದವರು ಎಂಬುದು ಗಮನಾರ್ಹ.

ಸಂಸ್ಕಾರದಿಂದ ವಸ್ತುವಿನಲ್ಲಿ ಆಗುವುದೇನು ಎಂಬುದಕ್ಕೆ ಆಯುರ್ವೇದ ಒಂದು ಉತ್ತರವನ್ನು ಕೊಡುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯವು ಆಹಾರದ ವಿಚಾರದಲ್ಲಿ, ಇದ್ದ ದ್ರವ್ಯದಲ್ಲಿ ಬೇರೊಂದು ಗುಣವನ್ನು ಇರಿಸುವುದೇ ಸಂಸ್ಕಾರವೆಂದು ಹೇಳಿ, ನೀರು, ಬೆಂಕಿ, ತೊಳೆಯುವುದು, ಕಡೆಯುವುದು, ದೇಶ, ಕಾಲ, ಪಾತ್ರೆ ಮೊದಲಾದವುಗಳಿಂದ ಅದು ನಡೆಯುತ್ತದೆಂದು ಎಣಿಸುತ್ತದೆ. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಇದನ್ನು ಎರಡಾಗಿ ಒಡೆಯುತ್ತಾರೆ: ಸಂಸ್ಕಾರವೆಂದರೆ ಇಲ್ಲದ ಗುಣವನ್ನು ತಂದಿಡುವ ‘ಗುಣಾಧಾನ’ವಾಗಿರಬೇಕು, ಇಲ್ಲವೇ ಇರುವ ದೋಷವನ್ನು ತೆಗೆದುಹಾಕುವ ‘ದೋಷಾಪನಯನ’ವಾಗಿರಬೇಕು, ಮೂರನೆಯದಿಲ್ಲ. ಗ್ಯಾರೇಜಿನ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಹೆಸರುಗಳಿವೆ. ದೋಷಾಪನಯನ ಸರ್ವಿಸು, ಗುಣಾಧಾನ ಫಿಟ್ಟಿಂಗು. ಇವೆರಡರ ನಡುವಿನ ಗೆರೆ ಮೇಲುನೋಟಕ್ಕೆ ಕಾಣುವಷ್ಟು ಸ್ಪಷ್ಟವಾಗಿಲ್ಲ, ಅದನ್ನು ತಪ್ಪಾಗಿ ಎಳೆದಲ್ಲೇ ಹೊಸ ಗಾಡಿಗಳು ಕೆಡುತ್ತವೆ ಎಂಬುದೇ ಈ ಪ್ರಬಂಧದ ವಾದ.

ಹೊಸತಕ್ಕೆ ದೋಷವೆಲ್ಲಿಂದ ಬಂತು ಎಂಬ ಆಕ್ಷೇಪ ಮೊದಲು ಏಳುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಪೆಟ್ರೋಲ್ ಇಂಜಿನ್ನಿನಂತೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ; ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನಾರನೆಯ ಒಂದು ಪಾಲಿಗೆ ಒತ್ತಿ ಹಿಡಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಒತ್ತಡವೇ ಬೆಂಕಿಯಾಗುವ ಈ ವ್ಯವಸ್ಥೆಯಲ್ಲಿ ಗಾಳಿ ಸೋರದಂತೆ ತಡೆಯುವ ಹೊಣೆ ಪಿಸ್ಟನ್ನಿನ ಸುತ್ತ ಕುಳಿತ ಉಂಗುರಗಳದು, ಎಂದರೆ ರಿಂಗುಗಳದು. ಆದರೆ ಅವು ಉಜ್ಜಾಡುವ ಸಿಲಿಂಡರಿನ ಒಳಗೋಡೆಯನ್ನು ಕಾರ್ಖಾನೆಯವರು ಕನ್ನಡಿಯಂತೆ ನುಣುಪಾಗಿಸಿ ಕಳಿಸುವುದಿಲ್ಲ. ಇಂಜಿನ್ ಆಯಿಲ್ಲನ್ನು ಹಿಡಿದಿಡಲೆಂದು ಅದರ ಮೇಲೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಗೀರುಗಳ ಚೂಪಾದ ತುದಿಗಳನ್ನು ರಿಂಗು ತೇಯ್ದು, ತಾನೂ ತೇಯ್ದುಕೊಂಡು, ಗೋಡೆಗೆ ಒಪ್ಪುವ ಆಕಾರ ಪಡೆಯುವುದು ಗಾಡಿ ರಸ್ತೆಗಿಳಿದ ಮೇಲೆಯೇ. ಹೀಗಾಗಿ ತಯಾರಿಕೆಯ ಕೊನೆಯ ಕೆಲಸವನ್ನು ಕಾರ್ಖಾನೆ ಚಾಲಕನ ಪಾದಕ್ಕೆ ಬಿಟ್ಟಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು. ‘ರನ್ನಿಂಗ್ ಇನ್’ ಎಂದು ಕರೆಯುವ ಈ ಅವಧಿಯಲ್ಲಿ ಗಾಡಿ ಪೂರ್ತಿ ಗಾಡಿಯಾಗುತ್ತಿರುತ್ತದೆ.

ಆ ಅವಧಿಯ ಆಚಾರ ಏನೆಂಬುದನ್ನು ಲೋಕ ಅರ್ಧ ಮಾತ್ರ ತಿಳಿದಿದೆ. ಮೊದಲ ಸಾವಿರ ಕಿಲೋಮೀಟರಿನ ಆಸುಪಾಸಿನವರೆಗೆ ಜೋರಾಗಿ ಓಡಿಸಬಾರದು, ತುಂಬು ಹೇರು ಹಾಕಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅತಿಯಾಗಿ ಮುದ್ದು ಮಾಡುವುದೂ ಕೇಡು ಎಂಬುದು ಅಷ್ಟಾಗಿ ಗೊತ್ತಿಲ್ಲ. ರಿಂಗನ್ನು ಗೋಡೆಗೆ ಒತ್ತುವುದು ಅದರ ಹಿಂದೆ ನುಗ್ಗುವ ದಹನದ ಅನಿಲವೇ ಆದ್ದರಿಂದ, ಗಾಡಿಯನ್ನು ನಿಂತಲ್ಲೇ ಗಂಟೆಗಟ್ಟಲೆ ಚಾಲೂ ಇಟ್ಟರೆ ಅಥವಾ ಬರಿಯ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುತ್ತಿದ್ದರೆ ಒತ್ತು ಸಾಲದೆ ರಿಂಗು ಕೂರುವುದಿಲ್ಲ, ಗೋಡೆಯ ಮೇಲಿನ ಎಣ್ಣೆ ಬೆಂದು ಗಾಜಿನಂಥ ಪೊರೆಯಾಗಿ ಗೀರುಗಳನ್ನು ಮುಚ್ಚಿಬಿಡುತ್ತದೆ, ಮುಂದೆ ಗಾಡಿ ಜೀವಮಾನವಿಡೀ ಇಂಜಿನ್ ಆಯಿಲ್ ಕುಡಿಯುತ್ತದೆ. ಹದವಾದ ಹೇರು, ಏರಿಳಿಯುವ ವೇಗ, ಸಣ್ಣ ದಿಬ್ಬಗಳು, ನಡುನಡುವೆ ತಣಿಯಲು ಬಿಡುವು, ಇವು ಹೊಸ ಇಂಜಿನ್ನಿಗೆ ಒಗ್ಗುತ್ತವೆ. ಚೆಲ್ಲಾಟವಾಡದ ಕೂಸು ಗಟ್ಟಿಯಾಗದೆಂದು ಅಜ್ಜಿಯರು ಹೇಳುವ ತರ್ಕ ಇಲ್ಲಿ ಉಕ್ಕಿಗೂ ಅನ್ವಯಿಸಿದೆ.

ಇಲ್ಲೊಂದು ಹಳೆಯ ವಿವಾದ ನೆನಪಾಗುವುದು ಸಹಜ. ಹಸಿ ಮಡಕೆ ಆವಿಗೆಯಲ್ಲಿ ಬೆಂದು ಕೆಂಪಾದಾಗ ಹಳೆಯ ಮಡಕೆಯೇ ಕೆಂಪಾಯಿತೋ, ಅಥವಾ ಅದು ಪರಮಾಣುಗಳಾಗಿ ಚದುರಿ ಬೇರೆಯೇ ಒಂದು ಕೆಂಪು ಮಡಕೆ ಹುಟ್ಟಿತೋ ಎಂದು ಕೇಳಿದಾಗ, ವೈಶೇಷಿಕರು ಬೇಯುವುದು ಪರಮಾಣುವೇ ಎಂದು ವಾದಿಸಿದರು. ‘ಪೀಲು’ ಎಂದರೆ ಪರಮಾಣುವಾದ್ದರಿಂದ ಅವರದು ಪೀಲುಪಾಕವಾದವೆನಿಸಿತು. ನೈಯಾಯಿಕರು, ಮಡಕೆಯ ಸಣ್ಣ ರಂಧ್ರಗಳಲ್ಲಿ ಕಾವು ಹೊಕ್ಕು ಇಡೀ ಮಡಕೆ ಇದ್ದಂತೆಯೇ ಇದ್ದು ಬೇಯುತ್ತದೆಂದರು. ‘ಪಿಠರ’ ಎಂದರೆ ಪಾತ್ರೆಯಾದ್ದರಿಂದ ಅದು ಪಿಠರಪಾಕವಾದ. ಪಳಗಿದ ಇಂಜಿನ್ನಿನ ವಿಷಯದಲ್ಲಿ ನೈಯಾಯಿಕನ ಪಕ್ಷಕ್ಕೇ ಬಲ ಹೆಚ್ಚೆಂದು ತೋರುತ್ತದೆ, ಏಕೆಂದರೆ ಇಂಜಿನ್ ನಂಬರ್, ಆರ್‌ಸಿ ಪುಸ್ತಕ, ಸಾಲದ ಕಂತು ಯಾವುದೂ ಬದಲಾಗದೆ ಒಳಗಿನ ಮೇಲ್ಮೈ ಮಾತ್ರ ಬೇರೆಯಾಗಿರುತ್ತದೆ. ಆದರೆ ವೈಶೇಷಿಕನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತೇಯ್ದು ಹೋದ ಕಣಗಳು ನಿಜವಾಗಿಯೂ ಗೋಡೆಯನ್ನು ಬಿಟ್ಟು ಎಲ್ಲೋ ಹೋಗಿರಬೇಕಷ್ಟೆ.

ಅವು ಹೋಗಿ ಸೇರುವುದು ಇಂಜಿನ್ ಆಯಿಲ್ಲಿಗೆ. ಮೊದಲ ಆಯಿಲ್ ಚೇಂಜ್ ಮಾಡುವಾಗ ಹೊರಬರುವ ಎಣ್ಣೆಯಲ್ಲಿ ಕಬ್ಬಿಣ, ಅಲ್ಯುಮಿನಿಯಂ, ತಾಮ್ರಗಳ ಅತಿಸಣ್ಣ ಕಣಗಳ ಪ್ರಮಾಣ ಮುಂದಿನ ಯಾವುದೇ ಸಲಕ್ಕಿಂತ ಹೆಚ್ಚಾಗಿರುತ್ತದೆ; ಗೇರ್ ಬಾಕ್ಸಿನಲ್ಲೂ ಹಿಂಬದಿಯ ಡಿಫರೆನ್ಷಿಯಲ್ಲಿನಲ್ಲೂ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಇದೇ ನಡೆಯುತ್ತದೆ. ಆಯುರ್ವೇದವು ರೋಗಗಳನ್ನು ಒಳಗಿನಿಂದಲೇ ಹುಟ್ಟುವ ‘ನಿಜ’ ಮತ್ತು ಹೊರಗಿನಿಂದ ಬಂದೆರಗುವ ‘ಆಗಂತು’ ಎಂದು ವಿಂಗಡಿಸುವಂತೆ ಹೊಸ ಗಾಡಿಯ ದೋಷಗಳನ್ನೂ ವಿಂಗಡಿಸಬಹುದಾದರೆ, ಈ ಲೋಹದ ಕಣಗಳು ನಿಜ ದೋಷಗಳು. ಗಾಡಿ ಕೆಟ್ಟದ್ದರಿಂದ ಅವು ಬಂದಿಲ್ಲ, ಸರಿಯಾಗುತ್ತಿದ್ದುದರಿಂದಲೇ ಬಂದಿವೆ. ಚಕ್ರದ ನಟ್ಟುಗಳನ್ನು ಮೊದಲ ಕೆಲವು ದಿನಗಳ ಓಟದ ನಂತರ ಮತ್ತೊಮ್ಮೆ ಹೇಳಿದ ಬಿಗಿತಕ್ಕೆ ತಿರುಗಿಸುವುದು, ಕಮಾನು ಪಟ್ಟಿಗಳನ್ನು ಅಚ್ಚಿಗೆ ಕಟ್ಟಿದ ಯು ಆಕಾರದ ಬೋಲ್ಟುಗಳನ್ನು ನೋಡುವುದು, ರಬ್ಬರ್ ಕೊಳವೆಗಳ ಕ್ಲಿಪ್ಪುಗಳನ್ನು ಪರೀಕ್ಷಿಸುವುದು ಇವೂ ಅದೇ ವರ್ಗಕ್ಕೆ ಸೇರುತ್ತವೆ, ಏಕೆಂದರೆ ಬಣ್ಣದ ಪದರ ಅಮುಕಿಕೊಂಡು ಲೋಹ ಲೋಹಕ್ಕೆ ಒಗ್ಗಿದಾಗ ಬಿಗಿತ ತಾನಾಗಿ ತುಸು ಸಡಿಲುತ್ತದೆ.

ಆಗಂತು ದೋಷಗಳಲ್ಲಿ ಮುಖ್ಯವಾದವು ನೀರು ಮತ್ತು ಧೂಳು. ಇಂದಿನ ಡೀಸೆಲ್ ಇಂಜಿನ್ನುಗಳಲ್ಲಿ ಡೀಸೆಲ್ಲನ್ನು ಒಂದು ಸಾಮಾನ್ಯ ಕೊಳವೆಯಲ್ಲಿ ವಾತಾವರಣದ ಒತ್ತಡದ ಸಾವಿರಾರು ಪಟ್ಟಿಗೆ ಏರಿಸಿ ಕೂದಲೆಳೆಯ ಗಾತ್ರದ ರಂಧ್ರಗಳಿಂದ ಚಿಮ್ಮಿಸುತ್ತಾರೆ. ಇದಕ್ಕೆ ‘ಕಾಮನ್ ರೇಲ್’ ಎಂದು ಹೆಸರು, ಅದರ ಇಂಜೆಕ್ಟರಿನ ಒಳಗಿನ ಸೂಜಿಗೂ ಅದರ ಗೂಡಿಗೂ ನಡುವಿನ ಅಂತರ ಕೆಲವೇ ಮೈಕ್ರಾನು. ಆ ಸೂಜಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಜಾರೆಣ್ಣೆ. ಡೀಸೆಲ್ಲಿನ ಜತೆ ನೀರು ಬಂದರೆ ಜಾರುಗುಣ ಸತ್ತು ತುಕ್ಕು ಹುಟ್ಟುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನ ಗೋಡೆಯ ಮೇಲೆ ರಾತ್ರಿಯ ತಂಪಿಗೆ ಹನಿಗಟ್ಟುವ ತೇವ, ಕ್ಯಾನಿನಲ್ಲಿ ತಂದು ಸುರಿದ ಎಣ್ಣೆಯ ಕಸ, ಮಳೆಗಾಲದ ಪಂಪಿನ ನೀರು ಎಲ್ಲವನ್ನೂ ತಡೆಯಬೇಕಾದದ್ದು ಡೀಸೆಲ್ ಫಿಲ್ಟರು ಮತ್ತು ಅದರ ತಳದ ನೀರು ಬಸಿಯುವ ತಿರುಪು. ಆ ತಿರುಪನ್ನು ಬಿಚ್ಚಿ ನೀರು ಬಿಡುವುದು ಐದು ನಿಮಿಷದ, ಕಾಸು ಬೇಡದ ಕೆಲಸ, ಅದನ್ನು ಮರೆತವರು ಕಟ್ಟುವ ಬೆಲೆ ಇಂಜೆಕ್ಟರ್ ಸೆಟ್ಟಿನದು. ಧೂಳಿನ ವಿಷಯವೂ ಹೀಗೆಯೇ. ಕೆಮ್ಮಣ್ಣಿನ ರಸ್ತೆಯಲ್ಲಿ, ಕಲ್ಲು ಕ್ವಾರಿಯ ಬಳಿ ಓಡುವ ಗಾಡಿಯ ಏರ್ ಫಿಲ್ಟರಿಗೆ ಪುಸ್ತಕದಲ್ಲಿ ಬರೆದ ಅವಧಿ ಸಾಲದು.

ಪುಸ್ತಕದ ಮಾತು ಬಂದಾಗ ಪ್ರಮಾಣದ ಪ್ರಶ್ನೆ ಏಳುತ್ತದೆ, ಎಂದರೆ ತಿಳಿವಳಿಕೆಗೆ ಆಧಾರ ಯಾವುದು ಎಂಬುದು. ಗಾಡಿಯ ಜತೆ ಬಂದ ಕೈಪಿಡಿ ಒಂದು ಹೇಳುತ್ತದೆ, ಗ್ಯಾರೇಜಿನ ಮೇಸ್ತ್ರಿ ಇನ್ನೊಂದು ಹೇಳುತ್ತಾನೆ. ನ್ಯಾಯಸೂತ್ರವು ಆಪ್ತನ ಉಪದೇಶವನ್ನೇ ಶಬ್ದಪ್ರಮಾಣವೆನ್ನುತ್ತದೆ. ಅದರ ಭಾಷ್ಯಕಾರ ವಾತ್ಸ್ಯಾಯನನು ವಿಷಯವನ್ನು ನೇರವಾಗಿ ಕಂಡವನು, ಕಂಡಂತೆ ಹೇಳಲು ಬಯಸುವವನು ಆಪ್ತನೆಂದು ವಿವರಿಸಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ಈ ಔದಾರ್ಯವನ್ನು ಅನ್ವಯಿಸಿದರೆ ಕೈಪಿಡಿಗಾಗಲಿ ಮೇಸ್ತ್ರಿಗಾಗಲಿ ಹುಟ್ಟಿನಿಂದ ಬಂದ ಅಧಿಕಾರವಿಲ್ಲ. ಧೂಳು, ಹೇರು, ಸ್ಥಳೀಯ ರಸ್ತೆಗಳ ವಿಷಯದಲ್ಲಿ ಮೇಸ್ತ್ರಿಯೇ ಕಂಡವನು, ಇಂಜಿನ್ನಿನ ಒಳಗಿನ ರಸಾಯನದಲ್ಲಿ ಕೈಪಿಡಿ ಬರೆದವನೇ ಕಂಡವನು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಹೊಗೆ ನಿಯಮ ಜಾರಿಗೆ ಬಂದಾಗ ಡೀಸೆಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು, ಹೊಗೆಯ ಮಸಿಯನ್ನು ಹಿಡಿಯುವ ‘ಡಿಪಿಎಫ್’ ಎಂಬ ಜೇನುಗೂಡಿನಂಥ ಶೋಧಕ ಸೈಲೆನ್ಸರಿನ ದಾರಿಯಲ್ಲಿ ಕುಳಿತಿತು, ಕೆಲವು ಗಾಡಿಗಳಿಗೆ ನೂರಕ್ಕೆ 32.5 ಪಾಲು ಯೂರಿಯಾ ಇರುವ ದ್ರಾವಣವನ್ನು ಬೇರೆ ಟ್ಯಾಂಕಿನಲ್ಲಿ ತುಂಬಬೇಕಾಯಿತು. ಹಳೆಯ ಗಾಡಿಗಳಿಗೆ ಸಲ್ಲುತ್ತಿದ್ದ ಆಯಿಲ್ಲಿನ ಲೋಹಾಂಶ ಉರಿದಾಗ ಬೂದಿಯಾಗಿ ಆ ಶೋಧಕದಲ್ಲಿ ಕೂತುಬಿಡುತ್ತದೆ, ಮಸಿಯಂತೆ ಅದನ್ನು ಸುಡಲಾಗದು. ಆದ್ದರಿಂದ ಬೂದಿ ಕಡಿಮೆ ಇರುವ ನಿರ್ದಿಷ್ಟ ದರ್ಜೆಯ ಆಯಿಲ್ಲನ್ನೇ ಹಾಕಬೇಕು. ಹೊಟ್ಟು ತೆಗೆಯಲು ಉಗುರು ಸಾಕಾದರೂ ಒರಳಿನಲ್ಲೇ ಕುಟ್ಟಬೇಕೆಂಬ ವಿಧಿಯನ್ನು ಮೀಮಾಂಸಕರು ‘ನಿಯಮವಿಧಿ’ ಎಂದು ಕರೆದರು, ಎಂದರೆ ಹಲವು ದಾರಿಗಳಿರುವಲ್ಲಿ ಒಂದನ್ನೇ ಕಟ್ಟುಮಾಡುವ ವಿಧಿ. ಆಯಿಲ್ ದರ್ಜೆಯ ಕಟ್ಟಳೆ ಅದರಂತೆಯೇ ಕಂಡರೂ ಇಲ್ಲಿ ಕಾರಣ ಅದೃಷ್ಟದಲ್ಲಿಲ್ಲ, ಮುಚ್ಚಿಹೋದ ಶೋಧಕದಲ್ಲಿದೆ.

ಗುಣಾಧಾನದ ಕಡೆಗೆ ತಿರುಗಿದರೆ ಚಿತ್ರ ಬೇರೆಯಾಗುತ್ತದೆ. ದೋಷಕ್ಕೆ ಕೊನೆಯಿದೆ, ಹೊಟ್ಟು ಹೋದ ಮೇಲೆ ಕುಟ್ಟುವುದು ನಿಲ್ಲುತ್ತದೆ. ಗುಣಕ್ಕೆ ಅಂಥ ಕೊನೆ ವಸ್ತುವಿನಲ್ಲೇ ಇಲ್ಲ, ಒಂದರ ಮೇಲೊಂದು ಹಾಕಿಸುತ್ತ ಹೋಗಬಹುದು. ಹಾಕಿಸಿದ ಎಷ್ಟೋ ವಸ್ತುಗಳು ಹೆಸರಿಗೆ ಗುಣಾಧಾನವಾದರೂ ಸ್ವಭಾವದಲ್ಲಿ ರಕ್ಷಣೆ ಎಂಬುದನ್ನೂ ಗಮನಿಸಬೇಕು: ಹಿಂಬದಿಯ ತೊಟ್ಟಿಗೆ ಹಾಸುವ ರಬ್ಬರ್ ಹಾಸು, ಚಕ್ರದ ಹಿಂದಿನ ಮಡ್ ಫ್ಲ್ಯಾಪು, ರೇಡಿಯೇಟರಿನ ಮುಂದಿನ ಜಾಲರಿ, ಒಳ್ಳೆಯ ತಾಡಪಾಲು ಮತ್ತು ಹಗ್ಗ ಕಟ್ಟಲು ಕೊಕ್ಕೆಗಳು, ಮಂಗಳೂರು ಮಲ್ಪೆಗಳ ಕಡೆ ಉಪ್ಪುನೀರು ಸೋರುವ ಮೀನಿನ ಕ್ರೇಟು ಹೊರುವ ಗಾಡಿಯ ತಳಕ್ಕೆ ಬಳಿಸುವ ತುಕ್ಕು ನಿರೋಧಕ ಲೇಪ. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡುವುದು ಕ್ಷೇಮ ಎಂದು ಗೀತೆಯ ಒಂಬತ್ತನೆಯ ಅಧ್ಯಾಯದ ‘ಯೋಗಕ್ಷೇಮ’ ಪದಕ್ಕೆ ಶಂಕರರು ಅರ್ಥ ಬಿಡಿಸುತ್ತಾರೆ; ಈ ಬಗೆಯ ಸಣ್ಣ ಸೇರ್ಪಡೆಗಳು ಯೋಗದ ವೇಷ ತೊಟ್ಟ ಕ್ಷೇಮಗಳು. ಅದೇ ಗೀತೆ ಎರಡನೆಯ ಅಧ್ಯಾಯದಲ್ಲಿ ಅರ್ಜುನನಿಗೆ ಯೋಗಕ್ಷೇಮದ ಚಿಂತೆಯನ್ನೇ ಬಿಡುವಂತೆ ಹೇಳಿ, ಒಂಬತ್ತನೆಯದರಲ್ಲಿ ಅದನ್ನು ಭಗವಂತನೇ ಹೊರುವನೆಂದು ಆಶ್ವಾಸನೆ ಕೊಡುತ್ತದೆ, ಆ ಆಶ್ವಾಸನೆಯ ಪದಗಳು ಈಗ ಭಾರತೀಯ ಜೀವ ವಿಮಾ ನಿಗಮದ ಲಾಂಛನದಲ್ಲಿವೆ. ಭಗವಂತ ಹೊರುವನೆಂದು ನಂಬಿದವನೂ ಪ್ರೀಮಿಯಂ ಕಟ್ಟಬೇಕಾಗುತ್ತದೆ ಎಂಬುದರಲ್ಲಿ ಆ ಎರಡು ಅಧ್ಯಾಯಗಳ ನಡುವಿನ ಬಿಗಿತ ಇನ್ನೂ ಉಳಿದಂತಿದೆ.

ಗುಣಕ್ಕೆ ಮಿತಿ ವಸ್ತುವಿನಲ್ಲಿಲ್ಲವಾದರೆ ಎಲ್ಲಿದೆ? ಇಲ್ಲಿ ರಾಮಾನುಜರು ನೆರವಿಗೆ ಬರುತ್ತಾರೆ. ತೊಂಡನೂರು ಮೇಲುಕೋಟೆಗಳಲ್ಲಿ ನೆಲಸಿದ್ದ ಕಾರಣ ಕನ್ನಡ ನಾಡಿಗೆ ಹತ್ತಿರದವರಾದ ಅವರು ‘ವೇದಾರ್ಥಸಂಗ್ರಹ’ದಲ್ಲಿ, ಬೇರೊಬ್ಬರಲ್ಲಿ ಅತಿಶಯವನ್ನು, ಎಂದರೆ ಹೆಚ್ಚಳವನ್ನು ಉಂಟುಮಾಡುವುದಕ್ಕಾಗಿಯೇ ಯಾವುದನ್ನು ಕೈಗೊಳ್ಳುತ್ತೇವೆಯೋ ಅದು ‘ಶೇಷ’, ಯಾರಿಗಾಗಿ ಅದು ಇದೆಯೋ ಅವನು ‘ಶೇಷಿ’ ಎಂದು ವಿವರಿಸುತ್ತಾರೆ. ಶೇಷವೆಂದರೆ ಮತ್ತೊಬ್ಬರಿಗಾಗಿ ಇರುವುದು ಎಂಬ ಮೀಮಾಂಸಾಸೂತ್ರಕಾರ ಜೈಮಿನಿಯ ಹಳೆಯ ಮಾತನ್ನು ಅವರು ಜೀವ ಮತ್ತು ಈಶ್ವರರ ಸಂಬಂಧಕ್ಕೆ ಬೆಳೆಸಿದರು. ಜೀವವೇ ಶೇಷವಾಗಿರುವಾಗ ಪಿಕಪ್ ಗಾಡಿ ಶೇಷವೆಂಬುದರಲ್ಲಿ ಸಂಶಯವೇನೂ ಇರಲಾರದು. ಅದು ಇರುವುದು ಟೊಮೆಟೊಗಾಗಿ, ಟೊಮೆಟೊ ಇರುವುದು ಕೋಲಾರದ ಮಂಡಿಗಾಗಿ, ಆ ಸರಪಳಿ ಹಾಗೆಯೇ ಮುಂದುವರಿಯುತ್ತದೆ. ಶೇಷದ ಕೆಲಸ ಬೇರೆಯವರಲ್ಲಿ ಅತಿಶಯವನ್ನು ಇರಿಸುವುದಾದರೆ, ಶೇಷದಲ್ಲಿಯೇ ಅತಿಶಯವನ್ನು ತುಂಬುತ್ತ ಹೋಗುವುದು ಸಂಬಂಧವನ್ನು ತಲೆಕೆಳಗು ಮಾಡಿದಂತೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳು, ಎದುರಿನ ಗಾಡಿಯವನನ್ನು ಬೆಚ್ಚಿಬೀಳಿಸುವ ಹಾರ್ನು, ಫೆಂಡರಿನಿಂದ ಹೊರಚಾಚುವ ಅಗಲ ಟೈರು, ಇವು ಯಾವ ಹೇರಿಗೂ ಉಪಕಾರವಾಗದ ಕಾರಣ ಮೀಮಾಂಸೆಯ ದೃಷ್ಟಿಯಲ್ಲಿ ಸಂಸ್ಕಾರಗಳೇ ಅಲ್ಲ.

ಕಮಾನು ಪಟ್ಟಿಯ ಉದಾಹರಣೆ ಇದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಅಲ್ಲಿ ಸೇರ್ಪಡೆ ಹೇರಿಗಾಗಿಯೇ ನಡೆಯುತ್ತದೆ. ಸಂಸ್ಕಾರಕ್ಕೆ ವೈಶೇಷಿಕರು ಕೊಡುವ ಅರ್ಥ ಮತ್ತೊಂದು. ಅವರ ಪಟ್ಟಿಯಲ್ಲಿ ಅದು ಒಂದು ಗುಣ, ಅದರಲ್ಲಿ ಮೂರು ಬಗೆ: ಚಲಿಸುವ ವಸ್ತುವನ್ನು ಮುಂದಕ್ಕೆ ಒಯ್ಯುವ ‘ವೇಗ’, ಅನುಭವ ಬಿಟ್ಟುಹೋದ ಅಚ್ಚಾಗಿ ನೆನಪಿಗೆ ಕಾರಣವಾಗುವ ‘ಭಾವನೆ’, ಬಗ್ಗಿಸಿದ್ದನ್ನು ಮೊದಲಿನ ಸ್ಥಿತಿಗೆ ಮರಳಿಸುವ ‘ಸ್ಥಿತಿಸ್ಥಾಪಕ’. ಸುರುಳಿ ಬಿಟ್ಟ ಚಾಪೆ ಮತ್ತೆ ಸುತ್ತಿಕೊಳ್ಳುವುದು ಈ ಮೂರನೆಯದರಿಂದ, ಕಮಾನು ಪಟ್ಟಿಯ ಪ್ರಾಣವೂ ಅದೇ. ಒಂದೂಕಾಲಿನಿಂದ ಎರಡು ಟನ್ನಿನವರೆಗಿನ ಹೇರಿಗೆಂದು ಮಾಡಿದ ಪಿಕಪ್ಪುಗಳ ಹಿಂದಿನ ಪಟ್ಟಿ ಕಟ್ಟಿಗೆ ಇನ್ನೆರಡು ಪಟ್ಟಿ ಸೇರಿಸಿದರೆ ಹಿಂಬದಿ ಕುಸಿಯುವುದು ತಪ್ಪುತ್ತದೆ, ಗಾಡಿಯ ‘ತಾಕತ್ತು’ ಹೆಚ್ಚಾದಂತೆ ಕಾಣುತ್ತದೆ. ಆದರೆ ಬ್ರೇಕು, ಅಚ್ಚು, ಟೈರು, ಚೌಕಟ್ಟು, ಯಾವುದಕ್ಕೂ ಆ ಹೊಸ ಗುಣ ಸುದ್ದಿ ಮುಟ್ಟಿಸಿರುವುದಿಲ್ಲ. ಕುಸಿದ ಹಿಂಬದಿ ಇಷ್ಟು ದಿನ ಮಾಲೀಕನಿಗೆ ಕೊಡುತ್ತಿದ್ದ ಎಚ್ಚರಿಕೆಯನ್ನೂ ಅದು ಅಡಗಿಸಿಬಿಡುತ್ತದೆ. ಖಾಲಿ ಓಡುವಾಗ ಹಿಂಬದಿ ಕುಪ್ಪಳಿಸಿ ಮಳೆಯ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ. ಮಿತಿ ಮೀರಿದ ಹೇರಿಗೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೆಯ ಕಲಂ 20,000 ರೂಪಾಯಿ ದಂಡವನ್ನೂ ಹೆಚ್ಚುವರಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸುತ್ತದೆ, ಆದರೆ ದಂಡದ ಭಯವಿಲ್ಲದಿದ್ದರೂ ವಾದ ಹಾಗೆಯೇ ನಿಲ್ಲುತ್ತದೆ: ಅವಯವಿಯನ್ನು, ಎಂದರೆ ಇಡಿಯ ವಸ್ತುವನ್ನು ಮರೆತು ಒಂದು ಅವಯವಕ್ಕೆ ಮಾತ್ರ ಮಾಡಿದ ಗುಣಾಧಾನ ಇಡಿಯಲ್ಲಿ ದೋಷವಾಗಿ ಹುಟ್ಟುತ್ತದೆ.

ಇದರ ತಿರುವುಮುರುವು ಡಿಪಿಎಫ್ ಕಿತ್ತುಹಾಕಿಸುವುದರಲ್ಲಿದೆ. ಮಸಿ ತುಂಬಿದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ತನ್ನನ್ನು ತಾನೇ ಸುಟ್ಟು ಶುದ್ಧಗೊಳಿಸಿಕೊಳ್ಳುವ ಈ ಶೋಧಕಕ್ಕೆ ಆಗಾಗ ಬಿಡುವಿಲ್ಲದ ಒಂದಿಷ್ಟು ಓಟ ಬೇಕು. ಊರೊಳಗಿನ ನಿಂತು ನಿಂತು ಸಾಗುವ ಓಡಾಟದಲ್ಲಿ ಆ ದಹನ ಅರ್ಧಕ್ಕೆ ನಿಂತು, ಡ್ಯಾಶ್‌ಬೋರ್ಡಿನ ದೀಪ ಹೊತ್ತಿ, ಗಾಡಿಯ ಎಳೆತ ಕುಗ್ಗುತ್ತದೆ. ಆಗ ಅದನ್ನೊಂದು ದೋಷವೆಂದು ಬಗೆದು ಕಿತ್ತು, ಇಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ಬರೆಸಿ, ಗಾಡಿ ಹಗುರಾಯಿತೆಂದು ಹೇಳುವ ವಾಡಿಕೆ ಹಲವು ದೇಶಗಳಲ್ಲಿದೆ. ಇದು ದೋಷಾಪನಯನದ ಹೆಸರಿನಲ್ಲಿ ಗುಣವನ್ನೇ ತೆಗೆಯುವುದು, ಏಕೆಂದರೆ ಆ ಗುಣದ ಫಲವನ್ನು ಉಣ್ಣುವವನು ಮಾಲೀಕನಲ್ಲ, ಹಿಂದೆ ಬರುವ ಸೈಕಲ್ ಸವಾರ ಮತ್ತು ರಸ್ತೆಬದಿಯಲ್ಲಿ ಹೂ ಮಾರುವವಳು. ತನಗೆ ಕಾಣದ ಫಲವನ್ನು ಮೀಮಾಂಸಕನು ಅದೃಷ್ಟವೆಂದ. ಇಲ್ಲಿ ಫಲ ಕಾಣದಿರುವುದು ಅದು ಬೇರೊಬ್ಬರ ಶ್ವಾಸಕೋಶದಲ್ಲಿರುವ ಕಾರಣದಿಂದ. ತಯಾರಕರ ಮೂಲ ನಮೂನೆಗಿಂತ ಭಿನ್ನವಾಗುವ ಮಾರ್ಪಾಡನ್ನು ಅದೇ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸರಕು ಗಾಡಿಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ‘ಎಫ್‌ಸಿ’, ಎಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕೆಂಬ ನಿಯಮದಲ್ಲಿ ಶಬರನ ‘ಯೋಗ್ಯ’ ಎಂಬ ಪದವೇ ಇಂಗ್ಲಿಷ್ ವೇಷದಲ್ಲಿ ಮರಳಿ ಬಂದಿದೆ. ಯೋಗ್ಯತೆ ಯಾರಿಗಾಗಿ ಎಂಬ ಪ್ರಶ್ನೆಗೆ ಆ ಪತ್ರ ಕೊಡುವ ಉತ್ತರ, ಮಾಲೀಕನೊಬ್ಬನಿಗಾಗಿ ಮಾತ್ರವಲ್ಲ ಎಂಬುದಾಗಿದೆ.

ನಿಂಬೆಹಣ್ಣಿನ ಮಾತು ಉಳಿದಿದೆ. ಹೊಸ ಗಾಡಿಗೆ ದೇವಸ್ಥಾನದ ಮುಂದೆ ಅರಿಸಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಗಳಡಿ ನಿಂಬೆಹಣ್ಣಿಟ್ಟು ಹಾಯಿಸುವುದನ್ನೂ, ಮಹಾನವಮಿಯ ಆಯುಧಪೂಜೆಯಂದು ಬೂದುಗುಂಬಳ ಒಡೆಯುವುದನ್ನೂ ಮೂಢತನವೆಂದು ಜರೆಯುವವರಿದ್ದಾರೆ, ಅದಿಲ್ಲದೆ ಗಾಡಿ ಸ್ಟಾರ್ಟ್ ಮಾಡದವರೂ ಇದ್ದಾರೆ. ಪ್ರೋಕ್ಷಣೆಯನ್ನೂ ಕುಟ್ಟುವುದನ್ನೂ ಒಟ್ಟಿಗೆ ಇಟ್ಟ ಮೀಮಾಂಸಕನಿಗೆ ಈ ಜಗಳ ಅರ್ಥವಾಗುತ್ತಿರಲಿಲ್ಲ. ಆತನ ಅಕ್ಕಿಗೆ ಎರಡೂ ಬೇಕಿತ್ತು, ಆದರೆ ಪ್ರೋಕ್ಷಿಸಿದ್ದರಿಂದ ಹೊಟ್ಟು ಹೋಗುತ್ತದೆಂದು ಆತ ಎಂದೂ ಹೇಳಲಿಲ್ಲ. ಇಂದಿನ ಆಚರಣೆಯಲ್ಲಿ ಆತ ಆಕ್ಷೇಪಿಸಬಹುದಾದದ್ದು ಒಂದೇ, ಅದೃಷ್ಟಕ್ಕೆಂದು ಇರುವ ಕ್ರಿಯೆಯಿಂದ ದೃಷ್ಟ ಫಲವನ್ನು ಬೇಡುವುದು, ಅಂದರೆ ಕುಂಬಳಕಾಯಿ ಒಡೆದಿದೆಯೆಂದು ಬ್ರೇಕ್ ಆಯಿಲ್ ನೋಡದಿರುವುದು. ಇದರ ಜತೆಗೆ, ಒಡೆದ ಕುಂಬಳದ ಹೋಳುಗಳನ್ನು ರಸ್ತೆಯ ಮಧ್ಯದಲ್ಲೇ ಬಿಟ್ಟು ಹೋದರೆ ಬೈಕ್ ಸವಾರರಿಗೆ ಅದರ ಫಲ ತೀರ ದೃಷ್ಟವಾಗಿಯೇ ಸಿಗುತ್ತದೆ.

ಸಂಸ್ಕಾರ ವಸ್ತುವಿಗೆ ನಡೆದರೂ ಅದರ ಫಲವನ್ನು ತನ್ನದೆಂದು ಅನುಭವಿಸುವವನು ಅದರ ಅಭಿಮಾನಿ, ಎಂದರೆ ಅದನ್ನು ತಾನೆಂದೋ ತನ್ನದೆಂದೋ ಬಗೆದವನು. ಅಧ್ಯಾಸಭಾಷ್ಯದಲ್ಲಿ ಶಂಕರರು ಈ ಬೆರಕೆಯ ಮೆಟ್ಟಿಲುಗಳನ್ನು ತೋರಿಸುವಾಗ ದೇಹಕ್ಕೂ ಇಂದ್ರಿಯಕ್ಕೂ ಮೊದಲು ಹೊರಗಿನವುಗಳನ್ನೇ ಎತ್ತಿಕೊಳ್ಳುತ್ತಾರೆ. ಹೆಂಡತಿ ಮಕ್ಕಳು ಕುಂದಿದರೆ ಮನುಷ್ಯ ತಾನೇ ಕುಂದಿದೆನೆಂದುಕೊಳ್ಳುತ್ತಾನೆ, ಅವರು ಕುಂದಿಲ್ಲದಿದ್ದರೆ ತಾನೇ ಪೂರ್ಣನೆಂದುಕೊಳ್ಳುತ್ತಾನೆ, ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸುವ ಇದಕ್ಕೆ ‘ಅಧ್ಯಾಸ’ ಎಂದು ಹೆಸರು. ಹೊಸ ಗಾಡಿಯ ಬಾಗಿಲಿನ ಮೇಲೆ ಬಿದ್ದ ಮೊದಲ ಗೀರು ಇದಕ್ಕೆ ಇನ್ನೊಂದು ಉದಾಹರಣೆಯಾಗಬಲ್ಲದು. ಆ ಗೀರಿನಿಂದ ಸಾಗಾಟಕ್ಕೆ ಕಿಂಚಿತ್ತೂ ಕುಂದಿಲ್ಲ, ಆದರೂ ಮಾಲೀಕ ಅಂದು ಊಟ ಬಿಡುತ್ತಾನೆ. ಫಿಲ್ಟರಿನ ತಳದಲ್ಲಿ ನಿಂತ ನೀರು ಇಂಜೆಕ್ಟರನ್ನು ತಿನ್ನುತ್ತಿದ್ದರೂ ಅದೇ ಮನುಷ್ಯ ನೆಮ್ಮದಿಯಾಗಿ ನಿದ್ದೆ ಹೋಗುತ್ತಾನೆ. ಮೊದಲ ದಿನಗಳ ಪಾಲನೆಯಲ್ಲಿ ಹಣ ಹೆಚ್ಚಾಗಿ ಪಾಲಿಶಿಗೆ ಹೋಗಿ ಫಿಲ್ಟರಿಗೆ ಕಡಿಮೆಯಾಗುವುದಕ್ಕೆ ಅಜ್ಞಾನಕ್ಕಿಂತ ಈ ಅಧ್ಯಾಸವೇ ಹೆಚ್ಚು ಕಾರಣವೆಂದು ತೋರುತ್ತದೆ.

ಶಂಕರರು ಸಂಸ್ಕಾರವನ್ನು ಎರಡಾಗಿ ಒಡೆದದ್ದು ಗಾಡಿಗಾಗಲಿ ಅಕ್ಕಿಗಾಗಲಿ ಅಲ್ಲ, ಮೋಕ್ಷ ಅವೆರಡರಲ್ಲಿ ಯಾವುದೂ ಆಗಲಾರದೆಂದು ತೋರಿಸುವುದಕ್ಕೆ. ಬ್ರಹ್ಮದಲ್ಲಿ ಸೇರಿಸಬಹುದಾದ ಅತಿಶಯವಿಲ್ಲ, ತೆಗೆಯಬಹುದಾದ ದೋಷವಿಲ್ಲ. ಉಜ್ಜಿದಾಗ ಕನ್ನಡಿಯ ಹೊಳಪು ಹೊರಬರುವಂತೆ ಆತ್ಮವೂ ಏಕೆ ಹೊರಬರಬಾರದೆಂದು ಎದುರಾಳಿ ಕೇಳಿದಾಗ, ಕ್ರಿಯೆ ತಾನು ಆಶ್ರಯಿಸಿದ್ದನ್ನು ಬದಲಿಸದೆ ಇರಲಾರದು, ಬದಲಾಗುವುದು ನಿತ್ಯವಾಗಿರಲಾರದು ಎಂದು ಉತ್ತರ ಬರುತ್ತದೆ. ಹಾಗಾದರೆ ಸ್ನಾನ ಆಚಮನಗಳಿಂದ ಶುದ್ಧನಾಗುವವನು ಯಾರು? ದೇಹದೊಡನೆ ಬೆರೆತು ‘ನಾನು’ ಎಂದುಕೊಳ್ಳುವವನು, ದೇಹಕ್ಕೆ ಚಿಕಿತ್ಸೆ ನಡೆದು ಧಾತುಗಳು ಸಮವಾದಾಗ ‘ನಾನು ಆರೋಗ್ಯವಾಗಿದ್ದೇನೆ’ ಎನ್ನುವವನು. ಆಯಿಲ್ ಬದಲಿಸಿ, ಫಿಲ್ಟರ್ ಹಾಕಿ, ಗ್ರೀಸ್ ಹೊಡೆಸಿಕೊಂಡು ಗ್ಯಾರೇಜಿನಿಂದ ಹೊರಬಂದ ಚಾಲಕ ಮೊದಲ ತಿರುವಿನಲ್ಲೇ ಗಾಡಿ ಹಗುರಾಯಿತೆಂದು ಹೇಳುವಾಗ ಅವನ ಮಾತಿನಲ್ಲಿ ಆ ಆರೋಗ್ಯದ ಉಲ್ಲಾಸವೇ ಇರುತ್ತದೆ, ವ್ಯವಹಾರದ ಮಟ್ಟಿಗೆ ಅದನ್ನು ಭಾಷ್ಯಕಾರರು ನಿರಾಕರಿಸುವುದಿಲ್ಲ. ಕ್ರಿಯೆಯಿಂದ ಬಂದದ್ದು ನಿಲ್ಲುವುದಿಲ್ಲವೆಂಬುದನ್ನು ಮಾತ್ರ ಅವರು ಒತ್ತಿಹೇಳುತ್ತಾರೆ, ಗ್ಯಾರೇಜಿನ ಹುಡುಗನೂ ಅದನ್ನು ಬಲ್ಲವನಾದ್ದರಿಂದ ಕೆಲಸ ಮುಗಿದ ಕೂಡಲೇ ಮುಂದಿನ ಆಯಿಲ್ ಚೇಂಜಿನ ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿನ ಚೌಕಟ್ಟಿಗೆ ಅಂಟಿಸುತ್ತಾನೆ.